ನಿಮ್ಮಪ್ಪ ಏನ್ ಮಾಡ್ತಾನೆ?

ಇಂದಿನ ಚಿಂತನೆ: ಸಮ್ಮಾ ವಾಚಾ, ಸರಿಯಾದ ಮಾತು.

ಜಪಾನೀ ಭಾಷೆಯಲ್ಲಿ ಅಪ್ಪನಿಗೆ ಎರಡು ಹೆಸರು. ಹೊರಗಿನವರ ಮುಂದೆ ನಮ್ಮಪ್ಪನ ವಿಷಯ ಹೇಳುವಾಗ 'ಚಿಚಿ'. ಅವರ ತಂದೆಯ ವಿಷಯ ಕೇಳುವಾಗ 'ಒತೋಸಾನ್'. ಅಮ್ಮನಿಗೂ ಹಾಗೆಯೇ, 'ಹಹ' ಮತ್ತು 'ಒಕಾಸಾನ್'. ತನ್ನವರನ್ನು ಸರಳವಾಗಿ, ಎದುರಿನವರ ಮನೆಯವರನ್ನು ಗೌರವದಿಂದ ಹೇಳುವುದು ಅಲ್ಲಿನ ಮರ್ಯಾದೆ.

ನಮ್ಮಲ್ಲಿ ಕ್ರಿಯಾಪದದ ಬಾಲವೇ ಆ ಕೆಲಸ ಮಾಡುತ್ತದೆ. 'ನಮ್ಮಮ್ಮ ಬಂದಳು', 'ನಿಮ್ಮ ತಾಯಿಯವರು ಬಂದರಾ?' (ಗಂಡನ ವಿಷಯದಲ್ಲಿ ಮಾತ್ರ ನಿಯಮ ಮುರಿಯುತ್ತೇವೆ, 'ನಮ್ಮ ಯಜಮಾನ್ರು' ಅನ್ನುತ್ತೇವೆ!)

ನಮ್ಮ ಶೆಟ್ಟಿಹಳ್ಳಿ ಸುತ್ತ ಕಟ್ಟಡಗಳು ಏಳುತ್ತಲೇ ಇವೆ. ಕಟ್ಟುವವರಲ್ಲಿ ಯಾದಗಿರಿ, ರಾಯಚೂರು ಕಡೆಯವರೂ ಇದ್ದಾರೆ. ಅವರ ಮಗು ಶಾಲೆಗೆ ಬಂದು ಹೇಳುತ್ತದೆ: "ನಮ್ಮಪ್ಪ ಸೆಂಟ್ರಿಂಗ್ ಕೆಲಸಕ್ಕ ಹೋಗ್ಯಾನ್ರಿ."

ಈ 'ಹೋಗ್ಯಾನ್ರಿ'ಯನ್ನು ಬಿಡಿಸಿ ನೋಡಿ. 'ಹೋಗ್ಯಾನ' ಅಪ್ಪನಿಗೆ, 'ರಿ' ಕೇಳುತ್ತಿರುವ ಮೇಷ್ಟ್ರಿಗೆ. ಸಲಿಗೆ, ಗೌರವ ಎರಡೂ ಒಂದೇ ಪದದಲ್ಲಿ. ಟೋಕಿಯೊದಲ್ಲಿ ಕಲಿಸಿಕೊಡುವ ಶಿಷ್ಟಾಚಾರವನ್ನು ಈ ಮಗು ಯಾರೂ ಹೇಳಿಕೊಡದೆ ಪಾಲಿಸುತ್ತದೆ.

ಆಗ ದೊಡ್ಡವರು ಕೇಳುವ ಪ್ರಶ್ನೆ: "ಎಷ್ಟೊತ್ತಿಗೆ ಬರ್ತಾನೆ?" ಪಕ್ಕದ ಮಗುವಿನ ತಂದೆ ಬ್ಯಾಂಕಿನಲ್ಲಿದ್ದರೆ, "ಎಷ್ಟೊತ್ತಿಗೆ ಬರ್ತಾರೆ?" ಆ ಮಗುವೂ ಮನೆಯಲ್ಲಿ ಅಪ್ಪನಿಗೆ 'ಬಾ, ಹೋಗು' ಅಂತಲೇ ಅನ್ನುತ್ತಿರಬಹುದು. ಹಾಗಾಗಿ 'ಮಗುವೇ ಹಾಗಂತು, ನಾವೂ ಅಂದೆವು' ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಮಗುವಿನ ಏಕವಚನ ಅದರ ಮನೆಯ ಸ್ವತ್ತು. ಅದನ್ನು ನಮಗೆ ಯಾರೂ ಕೊಟ್ಟಿಲ್ಲ. ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ನಾವು ದಿನವೂ ಎರಡನೆಯ ಶೀಲ ಹೇಳುವವರು.

ವಿನಯ ಪಿಟಕದಲ್ಲಿ ಭಿಕ್ಷುಗಳಿಗೆ ಹೇಳಿದ ಪಾಚಿತ್ತಿಯ ನಿಯಮಗಳಲ್ಲಿ ಎರಡನೆಯದು ಚುಚ್ಚುಮಾತಿನ ಬಗ್ಗೆ. ಮನುಷ್ಯರನ್ನು ಯಾವುದರಿಂದ ಚುಚ್ಚುತ್ತಾರೆ ಎಂದು ಅಲ್ಲಿ ಹತ್ತು ಬಗೆ ಹೇಳಿದೆ. ಜಾತಿ, ಹೆಸರು, ಗೋತ್ರ ಆದ ಕೂಡಲೇ ಬರುವುದು ಕಸುಬು. 'ನಾವು ಬೈದಿಲ್ಲವಲ್ಲ' ಅನ್ನಬಹುದು. ನಿಜ, ಬೈದಿಲ್ಲ. ಆದರೆ ಸೆಂಟ್ರಿಂಗ್ ಕೆಲಸ ಕೀಳು ಎಂದು ಆ ಮಗುವಿಗೆ ಬೇರೆ ಯಾರೂ ಹೇಳಿರಲಿಲ್ಲ. ಒಂದು 'ನೆ', ಒಂದು 'ರೆ', ಅಷ್ಟೇ ಸಾಕಾಯಿತು.

ಒಂದೆರಡು ವರ್ಷದಲ್ಲಿ ಇದೇ ಮಕ್ಕಳು "ನಮ್ಮ ತಂದೆ ಬರ್ತಾರೆ ಮಿಸ್" ಎನ್ನುವುದನ್ನು ಕಲಿಯುತ್ತಾರೆ. ಪೋಷಕರ ಸಭೆಯ ದಿನ ಕೆಲವರು ಆ ತಂದೆಯನ್ನು ಗೇಟಿನ ಹೊರಗೇ ನಿಲ್ಲಿಸಿ, ಒಬ್ಬರೇ ಒಳಗೆ ಬರುತ್ತಾರೆ.