ಗೆಲುವಿನ ರಾಗ, ಸೋತವನ ಪ್ರಾರ್ಥನೆ

ಪವರ್ ಮೆಟಲ್ ಹಾಡುಗಳಲ್ಲಿ ಸೋಲುವವರು ಕಡಿಮೆ. ಕತ್ತಿ ಹಿರಿದವನು ಬೆಟ್ಟ ಹತ್ತುತ್ತಾನೆ, ಘಟಸರ್ಪವನ್ನು ಕೊಲ್ಲುತ್ತಾನೆ, ಕೊನೆಯ ಕೋರಸ್ ಬರುವ ಹೊತ್ತಿಗೆ ಶ್ರುತಿಯೂ ಮೇಲಕ್ಕೇರಿ ಅವನ ಗೆಲುವನ್ನು ಸಾರುತ್ತದೆ. 1987ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಹೆಲೋವೀನ್ ತಂಡ ‘ಕೀಪರ್ ಆಫ್ ದ ಸೆವೆನ್ ಕೀಸ್’ ಆಲ್ಬಮ್ಮಿನ ಮೊದಲ ಭಾಗವನ್ನು ಹೊರತಂದಾಗಿನಿಂದ ಈ ಪ್ರಕಾರದ ಅಚ್ಚು ಹೆಚ್ಚುಕಡಿಮೆ ಅದೇ. ಎಡೆಬಿಡದೆ ಗುಡುಗುವ ಡಬಲ್ ಬೇಸ್ ಡ್ರಮ್, ಜೊತೆಜೊತೆಯಾಗಿ ಓಡುವ ಎರಡು ಗಿಟಾರ್, ತಾರಸ್ಥಾಯಿಯಲ್ಲೇ ಮನೆ ಮಾಡಿಕೊಂಡ ಗಾಯಕ. ಈ ಸಂಗೀತ ನನಗೆ ತುಂಬ ಇಷ್ಟ.

ಆದರೆ ನಾನು ಬೆಳೆದದ್ದು ಮಂಗಳೂರಿನಲ್ಲಿ, ಬಾಸೆಲ್ ಮಿಶನ್ನಿನವರಿಂದ ಹುಟ್ಟಿದ ಕ್ರೈಸ್ತ ಸಭೆಯೊಂದರಲ್ಲಿ. 1834ರಲ್ಲಿ ಈ ಕಡಲತೀರಕ್ಕೆ ಬಂದಿಳಿದ ಆ ಮಿಶನರಿಗಳ ಬೋಧನೆಯ ತಿರುಳನ್ನು ಭಾನುವಾರದ ಶಾಲೆಯಲ್ಲೇ ನಮಗೆ ಬಾಯಿಪಾಠ ಮಾಡಿಸಿದ್ದರು. ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯ ಹೇಳುವುದು ಅದನ್ನೇ: ರಕ್ಷಣೆ ದುಡಿದು ಪಡೆಯುವ ಕೂಲಿಯಲ್ಲ, ಸುಮ್ಮನೆ ಸಿಕ್ಕ ವರ, ಆದ್ದರಿಂದ ಅದರಲ್ಲಿ ಯಾರ ಜಂಬಕ್ಕೂ ಎಡೆಯಿಲ್ಲ. ಹಾಗಿದ್ದರೆ ತನ್ನ ತೋಳ್ಬಲದಿಂದ ಗೆಲ್ಲುವ ವೀರನಿಗೆಂದೇ ರೂಪುಗೊಂಡ ಸಂಗೀತದಲ್ಲಿ, ತನ್ನಿಂದ ಏನೂ ಆಗದು ಎಂದು ಒಪ್ಪಿಕೊಂಡವನ ನಂಬಿಕೆಯನ್ನು ಹಾಡಲು ಬರುತ್ತದೆಯೇ?

ಕ್ರೈಸ್ತ ಮೆಟಲ್ ಎಂದೊಡನೆ ಎದ್ದುನಿಲ್ಲುವ ಪ್ರಶ್ನೆ ಸಾಮಾನ್ಯವಾಗಿ ಬೇರೆಯದು. ಅಬ್ಬರದ ಸಂಗೀತ ಸೈತಾನನದ್ದೋ ದೇವರದ್ದೋ ಎಂಬ ಜಗಳ ಅದು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ರೈಪರ್ ತಂಡ ವೇದಿಕೆಯಿಂದ ಜನರತ್ತ ಬೈಬಲ್ ಎಸೆಯುತ್ತಿತ್ತು; ಟಿವಿ ಧರ್ಮಬೋಧನೆಗಳಿಂದ ಹೆಸರಾಗಿದ್ದ ಜಿಮ್ಮಿ ಸ್ವಾಗರ್ಟ್ ಕ್ರೈಸ್ತ ರಾಕ್ ಸಂಗೀತ ಕುರಿಯ ತೊಗಲು ಹೊದ್ದ ತೋಳ ಎಂದು ಪುಸ್ತಕವನ್ನೇ ಬರೆದರು. ಆ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಶಬ್ದದ ಪ್ರಮಾಣ ನೋಡಿ ದೇವರು ಕಿವಿ ಮುಚ್ಚಿಕೊಳ್ಳುತ್ತಾನೆಂದು ನಾನು ನಂಬುವುದಿಲ್ಲ. ಕೀರ್ತನೆಗಳ ಪುಸ್ತಕದ ಕೊನೆಯ ಕೀರ್ತನೆಯಲ್ಲೇ ಝಲ್ಲೆನ್ನುವ ತಾಳಗಳಿವೆ. ನನ್ನನ್ನು ಕಾಡುವುದು ಆ ಶಬ್ದದ ನಡುವೆ ನಿಂತ ಮನುಷ್ಯ ಯಾರು, ಅವನು ತನ್ನನ್ನು ಏನೆಂದು ತಿಳಿದುಕೊಂಡಿದ್ದಾನೆ ಎಂಬುದು.

ಇದನ್ನು ಯೋಚಿಸುವುದಕ್ಕೆ ಥಿಯಾಕ್ರಸಿ ತಂಡದ ಮೊದಲ ಆಲ್ಬಮ್ಮುಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಿನಲ್ಲಿ 2002ರಲ್ಲಿ ಮ್ಯಾಟ್ ಸ್ಮಿತ್ ಇದನ್ನು ಆರಂಭಿಸಿದರು. ಅದು ವಿಶ್ವವಿದ್ಯಾಲಯದ ಊರು. ಸಂಗೀತಲೋಕಕ್ಕೆ ಗೊತ್ತಿರುವುದು ಆರ್‌.ಇ.ಎಂ. ಮತ್ತು ಬಿ-52ಸ್ ತಂಡಗಳ ತವರಾಗಿ. ಅಂಥ ಕಡೆ ಒಬ್ಬನೇ ಕುಳಿತು ಪವರ್ ಮೆಟಲ್ ಮಾಡುವುದೆಂದರೆ ಊರಿನ ರುಚಿಗೆ ಬೆನ್ನು ತಿರುಗಿಸಿದಂತೆಯೇ. 2003ರಲ್ಲಿ ಬಂದ ಮೊದಲ ಆಲ್ಬಮ್ಮಿಗೂ ತಂಡದ್ದೇ ಹೆಸರು. ಆಗ ತಂಡವೆಂದರೆ ಸ್ಮಿತ್ ಒಬ್ಬರೇ. ಹಾಡಿದ್ದು, ಗಿಟಾರ್, ಬೇಸ್, ಕೀಬೋರ್ಡ್ ನುಡಿಸಿದ್ದು ಎಲ್ಲ ಅವರೇ. ಡ್ರಮ್ಸ್ ಕಂಪ್ಯೂಟರಿನಲ್ಲಿ ಜೋಡಿಸಿದ್ದು.

ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಇದು ಕಿವಿಗೆ ಬೀಳುತ್ತದೆ. ‘ಇಖ್ತುಸ್’ ಹಾಡಿನ ಕೋರಸ್ಸಿನಲ್ಲಿ ಇಡೀ ಗಾಯಕವೃಂದವೇ ನಿಂತಂತೆ ಭಾಸವಾಗುತ್ತದೆ. ಮೇಲಿನ ದನಿ, ಅದರ ಕೆಳಗಿನದು, ಅದಕ್ಕೂ ಕೆಳಗಿನದು. ಗಮನವಿಟ್ಟು ಒಂದೊಂದನ್ನೇ ಬಿಡಿಸಿಕೊಂಡು ಕೇಳಿ: ಉಸಿರು ಎಳೆಯುವ ರೀತಿ ಒಂದೇ, ಸ್ವರಾಕ್ಷರಗಳನ್ನು ಅಗಲಿಸುವ ಅಭ್ಯಾಸ ಒಂದೇ. ಒಬ್ಬನೇ ಮನುಷ್ಯ ತನ್ನ ಮೇಲೆ ತಾನೇ ಹಾಡಿಕೊಂಡು ಸಭೆ ಕಟ್ಟಿದ್ದಾನೆ. ನಾನು ನಮ್ಮ ಸಭೆಯ ಕ್ವಾಯರ್‌ಗೆ ಕೀಬೋರ್ಡ್ ನುಡಿಸುವವನು. ಟೆನರ್ ಹಾಡುವವರು ಒಂದು ಶನಿವಾರ ಬಾರದಿದ್ದರೆ ಹಾಡಿಗೆ ಹಾಡೇ ಹೇಗೆ ವಾಲುತ್ತದೆಂದು ಬಲ್ಲೆ. ಹಾಗಾಗಿ ಈ ಒಂಟಿ ಗಾಯಕವೃಂದ ನನಗೆ ಬೆರಗನ್ನೂ ಕಳವಳವನ್ನೂ ಒಟ್ಟಿಗೆ ತರುತ್ತದೆ. ಇಬ್ಬರು ಮೂವರು ಕೂಡಿದಲ್ಲಿ ತಾನಿರುತ್ತೇನೆಂದು ಮಾತು ಕೊಟ್ಟವನ ಸ್ತುತಿಯನ್ನು ಇಲ್ಲಿ ಕೂಡುವವರಿಲ್ಲದೆಯೇ ಮುಗಿಸಲಾಗಿದೆ.

ನಮ್ಮ ಯೂತ್ ಗ್ರೂಪಿನಲ್ಲಿ ಡ್ರಮ್ಸ್ ಬಾರಿಸುವ ಹುಡುಗನಿಗೆ ಒಮ್ಮೆ ಈ ಆಲ್ಬಮ್ ಕೇಳಿಸಿದೆ. ಹನ್ನೊಂದು ನಿಮಿಷದಷ್ಟು ಉದ್ದದ ‘ದ ಸರ್ಪೆಂಟ್ಸ್ ಕಿಸ್’ ಮುಗಿಯುವವರೆಗೆ ತೊಡೆಯ ಮೇಲೆ ಬೆರಳು ಬಡಿಯುತ್ತ ಕೂತಿದ್ದ. ಆಮೇಲೆ ಕೇಳಿದ: “ಅಂಕಲ್, ಇವರು ದೇವರಿಗೆ ನುಡಿಸಿದ್ದಾ, ಇಲ್ಲ ತನಗೆ ಇಷ್ಟೆಲ್ಲ ಬರ್ತದೆ ಅಂತ ತೋರಿಸಿದ್ದಾ?”

ನಾನು ಆಗ ಬಾಖ್‌ನ ಹೆಸರು ಹೇಳಿದೆ. ಬಾಖ್ ತನ್ನ ಎಷ್ಟೋ ಹಸ್ತಪ್ರತಿಗಳ ಕೊನೆಯಲ್ಲಿ ಎಸ್‌.ಡಿ.ಜಿ. ಎಂಬ ಮೂರಕ್ಷರ ಬರೆಯುತ್ತಿದ್ದ, ದೇವರಿಗೊಬ್ಬನಿಗೇ ಮಹಿಮೆ ಎಂಬ ಅರ್ಥದಲ್ಲಿ. ಅವನ ಕೃತಿಗಳೂ ಬೆರಳುಗಳಿಗೆ ಸುಲಭವಲ್ಲ. ಹುಡುಗ ತಲೆಯಾಡಿಸಿದನಾದರೂ ಒಪ್ಪಿದಂತೆ ಕಾಣಲಿಲ್ಲ. ಅವನು ಒಪ್ಪದಿದ್ದದ್ದು ಸರಿಯೇ. ಕೊನೆಯಲ್ಲಿ ಹಾಕುವ ಸಹಿ ನಡುವೆ ನಡೆದದ್ದನ್ನೆಲ್ಲ ಶುದ್ಧ ಮಾಡಿಬಿಡುವುದಿಲ್ಲ. ಉತ್ತರವನ್ನು ಹಾಡುಗಳ ಒಳಗೇ ಹುಡುಕಬೇಕು.

‘ಇಖ್ತುಸ್’ನಿಂದಲೇ ಶುರುಮಾಡುತ್ತೇನೆ. ಗ್ರೀಕಿನಲ್ಲಿ ಅದು ಮೀನು. ಯೇಸು ಕ್ರಿಸ್ತ, ದೇವರ ಮಗ, ರಕ್ಷಕ ಎಂಬ ಗ್ರೀಕ್ ಪದಗಳ ಮೊದಲಕ್ಷರ ಸೇರಿದರೂ ಅದೇ ಆಗುತ್ತದೆ. ರೋಮ್ ಸಾಮ್ರಾಜ್ಯದ ಕಾಲದ ಕ್ರೈಸ್ತರು ಈ ಗುರುತನ್ನು ಭೂಗತ ಸಮಾಧಿಗಳ ಗೋಡೆಗಳ ಮೇಲೆ ಬಿಟ್ಟುಹೋಗಿದ್ದಾರೆ. ಆಲ್ಬಮ್ಮಿನ ಮುನ್ನುಡಿಯಂಥ ತುಣುಕು ಮುಗಿದೊಡನೆ ಬರುವ ಈ ಹಾಡಿನಲ್ಲಿ ಗಿಟಾರುಗಳು ಅಶ್ವಾರೋಹಿ ಸೈನ್ಯದ ವೇಗದಲ್ಲಿ ನುಗ್ಗುತ್ತವೆ. ಆದರೆ ಈ ಮೀನಿನ ಗುರುತಿನವರ ಕೈಯಲ್ಲಿ ಕತ್ತಿಯಿರಲಿಲ್ಲ. ಅವರು ಗೆದ್ದದ್ದು, ಗೆದ್ದರು ಎನ್ನುವುದಾದರೆ, ಸಾಯುವುದರಿಂದ. ಎರಡನೆಯ ಆಲ್ಬಮ್ಮಿನಲ್ಲಿ ‘ಮಾರ್ಟರ್’ ಎಂಬ ಹಾಡು ಇದೇ ದಾರಿಯಲ್ಲಿ ಹೋಗುತ್ತದೆ. ರಕ್ತಸಾಕ್ಷಿಯೊಬ್ಬನನ್ನು ಪವರ್ ಮೆಟಲ್ ಹಾಡಿನ ನಾಯಕಸ್ಥಾನದಲ್ಲಿ ನಿಲ್ಲಿಸಿದೊಡನೆ ಆ ಸಂಗೀತದ ಒಳಗಿನ ಲೆಕ್ಕವೇ ತಲೆಕೆಳಗಾಗುತ್ತದೆ. ಸ್ತೆಫನ ಕಲ್ಲೇಟು ತಿನ್ನುತ್ತ ತನ್ನನ್ನು ಕೊಲ್ಲುವವರಿಗಾಗಿ ಮೊಣಕಾಲೂರಿದ್ದನ್ನು ಅಪೊಸ್ತಲರ ಕೃತ್ಯಗಳ ಏಳನೆಯ ಅಧ್ಯಾಯ ಹೇಳುತ್ತದೆ. ಡಬಲ್ ಬೇಸ್ ಡ್ರಮ್ಮಿನ ಗುಡುಗು ಅಂಥವನಿಗೆ ಸಲ್ಲುವುದಾದರೆ, ಗುಡುಗುವ ಹಕ್ಕು ಇನ್ಯಾರಿಗಿದೆ?

ಮೊದಲ ಆಲ್ಬಮ್ಮು ‘ನ್ಯೂ ಜೆರೂಸಲೇಮ್’ ಎಂಬ ಹಾಡಿನೊಂದಿಗೆ ಮುಗಿಯುತ್ತದೆ. ಬೈಬಲಿನ ಪ್ರಕಟನೆ ಪುಸ್ತಕದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಆ ಪಟ್ಟಣ ಪರಲೋಕದಿಂದ ಇಳಿದು ಬರುತ್ತದೆ. ಮನುಷ್ಯರು ಕಟ್ಟಿ ಮೇಲಕ್ಕೇರಿಸಿದ್ದಲ್ಲ. 2008ರ ಎರಡನೆಯ ಆಲ್ಬಮ್ ‘ಮಿರರ್ ಆಫ್ ಸೋಲ್ಸ್’ ತೆರೆದುಕೊಳ್ಳುವುದು ‘ಎ ಟವರ್ ಆಫ್ ಆ್ಯಶಸ್’ ಎಂಬ ಬೂದಿಯ ಗೋಪುರದಿಂದ. ಹೆಸರು ಕೇಳಿದೊಡನೆ ನನಗೆ ಬೈಬಲಿನ ಬಾಬೆಲ್ ಗೋಪುರ ನೆನಪಾಗುತ್ತದೆ. ಎರಡು ಆಲ್ಬಮ್ಮುಗಳ ನಡುವೆ ಐದು ವರ್ಷಗಳ ಅಂತರವಿದ್ದರೂ ಒಂದರ ಹಿಂದೆ ಒಂದನ್ನು ಹಾಕಿದರೆ, ಇಳಿದು ಬಂದ ಪಟ್ಟಣದ ಪಕ್ಕದಲ್ಲೇ ಕುಸಿಯುವ ಗೋಪುರ ನಿಲ್ಲುತ್ತದೆ. ಇದು ಉದ್ದೇಶಪಟ್ಟು ಮಾಡಿದ ಜೋಡಣೆಯೆಂದು ನಾನು ಸಾಧಿಸುವುದಿಲ್ಲ. ಬೈಬಲನ್ನು ಮೈಗೂಡಿಸಿಕೊಂಡವನ ಕಲ್ಪನೆ ತಾನಾಗಿಯೇ ಹೀಗೆ ಹರಿಯುತ್ತದೆ.

ಈ ಹೊತ್ತಿಗೆ ಸ್ಮಿತ್ ಒಂಟಿಯಾಗಿರಲಿಲ್ಲ. ಡ್ರಮ್ಸ್‌ಗೆ ಶಾನ್ ಬೆನ್ಸನ್, ಗಿಟಾರಿಗೆ ಜೊನಾಥನ್ ಹೈಂಡ್ಸ್ ಬಂದಿದ್ದರು. ಆಲ್ಬಮ್ಮನ್ನು ಹೊರತಂದದ್ದು ಸ್ವೀಡನ್ನಿನ ಉಲ್ಟೀರಿಯಮ್ ರೆಕಾರ್ಡ್ಸ್. ಬದಲಾವಣೆ ಮೊದಲ ಹಾಡಿನಲ್ಲೇ ತಿಳಿಯುತ್ತದೆ. ಯಂತ್ರದ ಡ್ರಮ್ಸ್ ತಪ್ಪುವುದೂ ಇಲ್ಲ, ಕಾಯುವುದೂ ಇಲ್ಲ. ಬೆನ್ಸನ್ ಗಾಯಕನ ಮಾತಿಗಾಗಿ ಕಾಯುತ್ತಾರೆ. 2013ರಲ್ಲಿ ಮೊದಲ ಆಲ್ಬಮ್ಮು ಮರುಬಿಡುಗಡೆಯಾದಾಗ ಆ ಹಳೆಯ ಹಾಡುಗಳಿಗೂ ಅವರೇ ಹೊಸದಾಗಿ ಡ್ರಮ್ಸ್ ನುಡಿಸಿ ಸೇರಿಸಿದರು. ಒಬ್ಬನೇ ಮಾಡಿ ಮುಗಿಸಿದ್ದ ಕೆಲಸವನ್ನು ಹತ್ತು ವರ್ಷಗಳ ಬಳಿಕ ಬಿಚ್ಚಿ, ಇನ್ನೊಬ್ಬನ ಕೈಗೆ ಜಾಗ ಮಾಡಿಕೊಟ್ಟದ್ದನ್ನು ನಾನು ಧ್ವನಿಮುದ್ರಣದ ಸುಧಾರಣೆ ಎಂದಷ್ಟೇ ಕಾಣಲಾರೆ.

ಎರಡನೆಯ ಆಲ್ಬಮ್ಮಿನ ಕೊನೆಯಲ್ಲಿ ಅದೇ ಹೆಸರಿನ ಹಾಡಿದೆ, ಇಪ್ಪತ್ತೆರಡು ನಿಮಿಷಕ್ಕೂ ಹೆಚ್ಚು ಉದ್ದದ್ದು. ಪ್ರೊಗ್ರೆಸಿವ್ ಎಂಬ ವಿಶೇಷಣ ಈ ತಂಡಕ್ಕೆ ಸಲ್ಲುವುದು ಇಲ್ಲಿ. ಬರಿಯ ಪವರ್ ಮೆಟಲ್ ಆಗಿದ್ದರೆ ಐದು ನಿಮಿಷದಲ್ಲಿ ಗೆಲುವು ಬಂದುಬಿಡಬೇಕಿತ್ತು. ತಾಳ ಬದಲಿಸುತ್ತ, ವೇಗ ಇಳಿಸುತ್ತ, ಹಳೆಯ ಎಳೆಯನ್ನು ಮತ್ತೆ ಹಿಡಿಯುತ್ತ ಸಾಗುವ ಈ ಉದ್ದದಲ್ಲಿ ಮನುಷ್ಯನಿಗೆ ದಾರಿ ತಪ್ಪುವುದಕ್ಕೂ ಅವಕಾಶವಿದೆ. ಇಲ್ಲಿರುವುದು ಮುಖವನ್ನಲ್ಲ, ಆತ್ಮವನ್ನು ತೋರಿಸುವ ಕನ್ನಡಿ. ಅದರ ಮುಂದೆ ನಿಂತವನು ತನ್ನನ್ನು ನೋಡಿಕೊಳ್ಳಲಾರದೆ ಹೋಗುತ್ತಾನೆ. ಬಿಡುಗಡೆ ಅವನ ಕೈಯಿಂದ ಬರುವುದಿಲ್ಲ, ಕ್ರಿಸ್ತನಿಂದ ಬರುತ್ತದೆ.

ಕನ್ನಡಿಯ ಮಾತು ಯಾಕೋಬನ ಪತ್ರಿಕೆಯಲ್ಲಿದೆ. ವಾಕ್ಯವನ್ನು ಕೇಳಿ ಅದರಂತೆ ನಡೆಯದವನು ಕನ್ನಡಿಯಲ್ಲಿ ಮುಖ ನೋಡಿಕೊಂಡು ಆಚೆ ಹೋದೊಡನೆ ಮರೆಯುವವನ ಹಾಗೆ ಎನ್ನುತ್ತಾನೆ ಯಾಕೋಬ. ಕ್ರಿಯೆಯನ್ನು ಒತ್ತಿ ಹೇಳುವ ಪತ್ರಿಕೆ ಅದು. ಪ್ರೊಟೆಸ್ಟಂಟ್ ಸುಧಾರಕ ಲೂಥರ್‌ಗೆ ಅದರ ಮೇಲೆ ಒಲವಿರಲಿಲ್ಲ. ಹೊಸ ಒಡಂಬಡಿಕೆಗೆ ಬರೆದ 1522ರ ಮುನ್ನುಡಿಯಲ್ಲಿ ಅದನ್ನು ಹುಲ್ಲಿನ ಪತ್ರಿಕೆ ಎಂದು ಕರೆದಿದ್ದ. ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ಕನ್ನಡಿಯನ್ನು ಬೇರೆ ಕಡೆಯಿಂದ ಹಿಡಿದ. ಅವನ ಮಟ್ಟಿಗೆ ಧರ್ಮಶಾಸ್ತ್ರವೇ ಕನ್ನಡಿ: ಅದು ನಮ್ಮ ಮುಖದ ಕಲೆಗಳನ್ನು ತೋರಿಸುತ್ತದೆ. ತೋರಿಸುವುದಷ್ಟೇ ಅದರ ಕೆಲಸ, ಮುಖ ತೊಳೆಯುವುದಲ್ಲ. ಇಪ್ಪತ್ತೆರಡು ನಿಮಿಷಗಳ ಆ ಹಾಡು ನಿಂತಿರುವುದು ಈ ನೆಲದ ಮೇಲೆ. ವೀರನ ಸಂಗೀತವೆಲ್ಲ ಕೂಡಿಬಂದು ವೀರನನ್ನು ಕನ್ನಡಿಯ ಮುಂದೆ ನಿಲ್ಲಿಸುತ್ತದೆ. ಮುಂದಿನ ಕೆಲಸ ವೀರನದ್ದಲ್ಲ. ಕೊನೆಯ ಭಾಗದಲ್ಲಿ ದನಿಗಳೆಲ್ಲ ಉಬ್ಬಿ ಬರುವಾಗ ನಾನು ಕೇಳುವುದು ಯಾವನೋ ಸಾಹಸಿಯ ಜಯಘೋಷವನ್ನಲ್ಲ, ಎತ್ತಿಕೊಳ್ಳಲ್ಪಟ್ಟವನ ಕೂಗನ್ನು. ಸ್ವರಗಳು ಅವೇ, ಗೆದ್ದವನು ಬೇರೆ.

ಎತ್ತಿಕೊಳ್ಳುವುದು ಎಂದಾಗ ಶ್ರೀವೈಷ್ಣವರ ಹಳೆಯ ಚರ್ಚೆ ನೆನಪಾಗುತ್ತದೆ. ಕೋತಿಮರಿ ತಾಯಿಯನ್ನು ತಾನೇ ಅವುಚಿಕೊಳ್ಳಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಜೀವಾತ್ಮನ ಪಾಡು ಇವೆರಡರಲ್ಲಿ ಯಾವುದು ಎಂಬ ಚರ್ಚೆ. ಜರ್ಮನಿಯ ವಿದ್ವಾಂಸ ರುಡಾಲ್ಫ್ ಆಟೊ ಈ ಮಾರ್ಜಾಲ ಕಿಶೋರ ನ್ಯಾಯವನ್ನು ಲೂಥರನ ಕೃಪೆಯ ಬೋಧನೆಯ ಪಕ್ಕದಲ್ಲಿಟ್ಟು ನೋಡಿದ್ದರು. ಎರಡೂ ಒಂದೇ ಎಂದು ಹೇಳಲಿಲ್ಲ, ನಾನೂ ಹೇಳಲಾರೆ. ಆದರೂ ಮರಿಯ ಕಾಲುಗಳು ಎಷ್ಟೇ ಚುರುಕಾಗಿದ್ದರೂ ಅವು ಲೆಕ್ಕಕ್ಕಿಲ್ಲ ಎಂಬ ಮಾತನ್ನು, ಬೆರಳುಗಳ ಚುರುಕನ್ನೇ ನೆಚ್ಚಿದ ಸಂಗೀತವೊಂದು ಹೇಳಹೊರಟಿದೆಯಲ್ಲ, ಅದು ಸಣ್ಣ ಧೈರ್ಯವಲ್ಲ.

ತಂಡದ ಹೆಸರಿನ ಬಗ್ಗೆ ಒಂದು ಮಾತು. ದೇವರ ಆಳ್ವಿಕೆ ಎಂಬ ಅರ್ಥದ ಹೆಸರನ್ನು ಕೇಳಿ, ಹಲವು ಧರ್ಮಗಳು ಅಕ್ಕಪಕ್ಕ ಬದುಕುವ ಊರಿನವನಾದ ನನಗೆ ಹಿತವೆನಿಸಲಿಲ್ಲ. ದೇವರ ಹೆಸರಿನಲ್ಲಿ ಆಳಿದವರೆಲ್ಲ ಮನುಷ್ಯರೇ, ಅವರ ಆಳ್ವಿಕೆ ಹೇಗಿತ್ತೆಂದು ಚರಿತ್ರೆಯಲ್ಲಿದೆ. ಈ ಹಾಡುಗಳಲ್ಲಿ ನನಗೆ ಕಾಣುವ ಸಿಂಹಾಸನ ಮನುಷ್ಯನ ಎದೆಯೊಳಗಿನದು. ಅದರಿಂದ ಇಳಿಯಬೇಕಾದವನು ಹಾಡುವವನೇ, ಪಕ್ಕದ ಮನೆಯವನಲ್ಲ. ಹಾಗೆ ಕೇಳಿಸುವಷ್ಟು ಕಾಲವೂ ಆ ಹೆಸರನ್ನು ಒಪ್ಪುತ್ತೇನೆ.

ಹುಡುಗನ ಪ್ರಶ್ನೆಗೆ ತಂಡ ಕೊಟ್ಟ ನೇರ ಉತ್ತರ ಸಿಕ್ಕಿದ್ದು 2011ರ ಮೂರನೆಯ ಆಲ್ಬಮ್ ‘ಆಸ್ ದ ವರ್ಲ್ಡ್ ಬ್ಲೀಡ್ಸ್’ನಲ್ಲಿ. ಅದರಲ್ಲಿ ‘ಆಲ್ಟರ್ ಟು ದ ಅನ್‌ನೋನ್ ಗಾಡ್’ ಎಂಬ ಹಾಡಿದೆ. ಪೌಲ ಅಜ್ಞಾತ ದೇವರ ಬಲಿಪೀಠವನ್ನು ಕಂಡದ್ದು ಗ್ರೀಸಿನ ಅಥೆನ್ಸಿನಲ್ಲಿ, ಅದನ್ನು ಹಾಡಾಗಿಸಿದವರು ಜಾರ್ಜಿಯಾದ ಅಥೆನ್ಸಿನವರು ಎಂಬುದು ನನಗೆ ಖುಷಿ ಕೊಡುವ ಸಂಗತಿ. ಆದರೆ ಇಲ್ಲಿ ಮುಖ್ಯವಾದದ್ದು ‘ದ ಗಿಫ್ಟ್ ಆಫ್ ಮ್ಯೂಸಿಕ್’. ಸಂಗೀತವೇ ದೇವರ ಕೊಡುಗೆ ಎನ್ನುವ ಹಾಡು ಅದು. ಕೃಪೆಗೂ ಕೌಶಲಕ್ಕೂ ನಡುವೆ ನಾನು ಎಳೆದಿದ್ದ ಗೆರೆ ಇದರ ಮುಂದೆ ನಿಲ್ಲುವುದಿಲ್ಲ. ನಿನ್ನಲ್ಲಿರುವುದರಲ್ಲಿ ನೀನು ಪಡೆಯದೆ ಬಂದದ್ದು ಯಾವುದು ಎಂದು ಪೌಲ ಕೊರಿಂಥದವರನ್ನು ಕೇಳುತ್ತಾನೆ. ಬೆರಳಿನ ವೇಗ, ತಾರಸ್ಥಾಯಿಯ ಕಂಠ, ಗಂಟೆಗಟ್ಟಲೆ ಅಭ್ಯಾಸಕ್ಕೆ ಕೂರುವ ಛಲವೂ ಸೇರಿ ಎಲ್ಲವೂ ಪಡೆದುಕೊಂಡದ್ದೇ ಆದರೆ, ಅದನ್ನು ಅಡಗಿಸಿಡುವುದು ವಿನಯವಲ್ಲ, ಕೊಟ್ಟವನಿಗೆ ಮಾಡುವ ಅವಮಾನ.

ಇಷ್ಟನ್ನು ಒಪ್ಪಿದ ಮೇಲೂ ನನ್ನದೊಂದು ತಕರಾರು ಉಳಿದಿದೆ. ಲೂಥರ್ ಹಾಡು ಕಟ್ಟಿದ್ದು ಸಭೆಯ ಬಾಯಿಗೆ ಸಿಗಲೆಂದು. ಕಮ್ಮಾರನೂ ಬಾಣಂತಿಯೂ ಒಟ್ಟಿಗೆ ಹಾಡಬೇಕಿತ್ತು. ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್‌ರಂಥವರು ಕನ್ನಡದಲ್ಲಿ ಭಕ್ತಿಗೀತೆ ಬರೆದದ್ದೂ ಅದೇ ಕಾರಣಕ್ಕೆ. ಸ್ಮಿತ್ ಏರುವ ಸ್ಥಾಯಿಗೆ ನಮ್ಮ ಸಭೆಯಲ್ಲಿ ಯಾರೂ ಏರಲಾರರು, ಜಾರ್ಜಿಯಾದ ಸಭೆಗಳಲ್ಲೂ ಹೆಚ್ಚು ಜನ ಏರಲಾರರು. ಕೊಡುಗೆ ಎಲ್ಲರಿಗೂ ಸೇರಿದ್ದು ಎನ್ನುವ ಹಾಡನ್ನು ಕೆಲವರೇ ಹಾಡಬಲ್ಲರು. ಶ್ರುತಿಯನ್ನು ನಾಲ್ಕೈದು ಮನೆ ಇಳಿಸಿ, ಡಬಲ್ ಬೇಸ್ ಬಿಟ್ಟು, ಬರೀ ಕೀಬೋರ್ಡಿನಲ್ಲಿ ‘ಬೆತ್ಲೆಹೆಮ್’ ಹಾಡನ್ನು ಕ್ರಿಸ್ಮಸ್ಸಿಗೆ ಕ್ವಾಯರ್‌ಗೆ ಹೊಂದಿಸಲು ನೋಡುತ್ತಿದ್ದೇನೆ. ಎರಡನೆಯ ಆಲ್ಬಮ್ಮಿನ ಈ ನಿಧಾನದ ಹಾಡು ಕ್ರಿಸ್ತಜನನದ ಕಥೆಯದು, ಇಳಿಸಿದರೂ ಕೆಡುವುದಿಲ್ಲ. ಆಲ್ಟೊ ಭಾಗ ಬರೆದು ಮುಗಿದಿದೆ. ಟೆನರ್ ಭಾಗಕ್ಕೆ ಒಬ್ಬರಾದರೂ ಹೆಚ್ಚು ಬೇಕು.