ಹಿರಿಯರ ಮನೆಯ ವಿಕ್ರಯ: ಶ್ರಾವಕನ ವಿವೇಕ

ಹೊಳೆದಂಡೆಯ ಹಳೆಯ ಮನೆಯೊಂದು ಹಿತ್ತಿಲು, ತೋಟ ಸಹಿತ ವಿಕ್ರಯಕ್ಕೆ ಬಂದಿತೆಂದರೆ ಊರಿನಲ್ಲಿ ಎರಡು ಬಗೆಯ ಮಾತು ಹುಟ್ಟುತ್ತದೆ. ಹಿರಿಯರು ಕಟ್ಟಿದ್ದನ್ನು ಮಾರುವುದು ಪಾಪವೆನ್ನುವವರು ಕೆಲವರು. ಅವರ ಆಸ್ತಿ, ಅವರ ಇಷ್ಟ ಎನ್ನುವವರು ಕೆಲವರು. ಧರ್ಮಚಿಂತನೆಯು ಈ ಎರಡರಲ್ಲೂ ನಿಲ್ಲದೆ ಮುಂದೆ ಸಾಗಬೇಕು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಸೌಪರ್ಣಿಕಾ, ವಾರಾಹಿ, ಸೀತಾ ನದಿಗಳ ಆಸುಪಾಸಿನ ದೊಡ್ಡ ಮನೆಗಳು ಗೇಣಿಯ ಅಕ್ಕಿಯ ಬಲದಿಂದ ನಿಂತವು. ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿ ಒಬ್ಬನದಾಗಿರಲಿಲ್ಲ. ಯಜಮಾನನು ಕುಟುಂಬದ ಪರವಾಗಿ ಅದನ್ನು ನೋಡಿಕೊಳ್ಳುವವನು ಮಾತ್ರ. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಪಾಲಿನ ಹಕ್ಕನ್ನು ವಿಸ್ತರಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಜೈನರಿಗೂ ಅನ್ವಯಿಸಿತು. 1974ರ ತಿದ್ದುಪಡಿಯ ಭೂಸುಧಾರಣೆಯಿಂದ ಗೇಣಿ ಪದ್ಧತಿಯೇ ಕೊನೆಗೊಂಡಿತು. ಉಳುವವನಿಗೆ ನ್ಯಾಯ ದೊರೆಯಿತು. ಆದರೆ ಮನೆ ಉಳಿಯಿತು, ಮನೆಯನ್ನು ಪೋಷಿಸುತ್ತಿದ್ದ ಆದಾಯ ಉಳಿಯಲಿಲ್ಲ. ಪಾಲುದಾರರು ಮುಂಬಯಿ, ಬೆಂಗಳೂರು ಸೇರಿದ ಮೇಲೆ ಮಳೆಗಾಲಕ್ಕೆ ಮುನ್ನ ಹಂಚು ಸರಿಪಡಿಸುವವರೂ ಇಲ್ಲ. ಇಂಥವರು ಮನೆ ಮಾರಿದರೆ ಅದನ್ನು ಲೋಭವೆಂದು ಜರೆಯುವುದು ಅನ್ಯಾಯ.

ಮೂರ್ಛೆಯೇ, ಅಂದರೆ ಮಮತ್ವವೇ ಪರಿಗ್ರಹವೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ನಿರ್ಣಯಿಸಿದ್ದಾರೆ. ಬಳಸದ ಮನೆಗೆ ಬೀಗ ಜಡಿದು, ಮನೆತನದ ಹೆಸರಿಗಾಗಿ ಗೆದ್ದಲಿಗೆ ಒಪ್ಪಿಸುವುದೂ ಮೂರ್ಛೆಯೇ. ಕೊಳ್ಳುವವನಿಗೂ ಇದೇ ಪರೀಕ್ಷೆ. ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಮೊದಲು ಬರುವುದು ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ ಮತ್ತು ಮನೆ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿಯು ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ತೆರೆಯಿತು. ಕಾನೂನು ತೆಗೆದುಹಾಕಿದ ಮಿತಿಯನ್ನು ಶ್ರಾವಕನು ತಾನೇ ಹಾಕಿಕೊಳ್ಳಬೇಕಾಗುತ್ತದೆ.

ಹಾಗಾದರೆ ದೋಷವೆಲ್ಲಿ? ತನ್ನದಲ್ಲದ್ದನ್ನೂ ತನ್ನದರೊಡನೆ ಸೇರಿಸಿ ಮಾರುವುದರಲ್ಲಿ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದೊಂದಿದೆ. ಪರರು ನಂಬಿ ಇಟ್ಟದ್ದನ್ನು ನುಂಗುವುದು ಅದರ ಭಾವ. ಹಳೆಯ ಮನೆಯಲ್ಲಿ ಅಂಥ ನ್ಯಾಸಗಳು ಹಲವಿರುತ್ತವೆ. ನೆರೆಯವರು ಹೊಳೆಗಿಳಿಯುವ ಮಾಮೂಲು ದಾರಿ, ಬೇಸಿಗೆಯಲ್ಲಿ ನಾಲ್ಕು ಮನೆಗೆ ನೀರು ಕೊಡುವ ಬಾವಿ, ಊರವರು ನಡೆದುಕೊಳ್ಳುವ ನಾಗಬನ, ಜೀವಮಾನವಿಡೀ ದುಡಿದ ಆಳಿನ ಬಿಡಾರ, ಬಸದಿಯ ನಿತ್ಯಪೂಜೆಗೆ ಆ ಮನೆಯಿಂದ ಸಲ್ಲುವ ಅಕ್ಕಿ ಎಣ್ಣೆಯ ಕಟ್ಟಳೆ. ಇವು ಪಹಣಿಯಲ್ಲಿ ಕಾಣದಿರಬಹುದು. ಋಣದ ಲೆಕ್ಕದಲ್ಲಿ ಕಾಣುತ್ತವೆ.

ಲೌಕಿಕ ಕಾನೂನೂ ಇದನ್ನು ಭಾಗಶಃ ಒಪ್ಪುತ್ತದೆ. ಅಡ್ಡಿಯಿಲ್ಲದೆ, ಹಕ್ಕೆಂದು 20 ವರ್ಷ ಬಳಸಿದ ದಾರಿಗೆ 1882ರ ಈಸ್‌ಮೆಂಟ್ ಕಾಯಿದೆ ರಕ್ಷಣೆ ಕೊಡುತ್ತದೆ. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಅರಿಯಲಾಗದ, ಮಹತ್ತ್ವದ ದೋಷವನ್ನು ಮಾರುವವನು ತಿಳಿಸಬೇಕೆಂದು ಅದೇ ವರ್ಷದ ಸ್ವತ್ತು ವರ್ಗಾವಣೆ ಕಾಯಿದೆ ವಿಧಿಸುತ್ತದೆ. ನೆರೆಯ ನೀರು ಎಲ್ಲಿಯವರೆಗೆ ಏರುತ್ತದೆ, ಬಾವಿಯಲ್ಲಿ ಯಾವ ತಿಂಗಳು ಉಪ್ಪು ಕಾಣುತ್ತದೆ ಎಂಬುದನ್ನು ಬೇಸಿಗೆಯಲ್ಲಿ ಬಂದ ಗಿರಾಕಿ ಅರಿಯಲಾರ. ಅಲ್ಲಿ ಮಾರುವವನ ಮೌನವೇ ಅಸತ್ಯವಾಗುತ್ತದೆ.

ಫ್ರಾನ್ಸ್ ದೇಶದಲ್ಲಿ ನದೀತೀರದ ಪುರಾತನ ಬಂಗಲೆಗಳು ಇಂದಿಗೂ ಮಾರಾಟವಾಗುತ್ತವೆ; ಆದರೆ 1913ರ ಶಾಸನದಂತೆ ಸ್ಮಾರಕವೆಂದು ಘೋಷಿತವಾದ ಕಟ್ಟಡವು ಯಾರ ಕೈಗೆ ಹೋದರೂ ಅದರ ರಕ್ಷಣೆಯ ನಿಬಂಧನೆ ಜೊತೆಯಲ್ಲೇ ಹೋಗುತ್ತದೆ. ಕರಾವಳಿಯ ಹೆಚ್ಚಿನ ಮನೆಗಳಿಗೆ ಅಂಥ ಆಸರೆಯಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕುಂದಾಪುರ ಕಡೆಯ ಹರ್ಕೂರು ಒಳಗಿನ ಮನೆಯೂ ಸೇರಿದಂತೆ ಅನೇಕ ಮನೆಗಳನ್ನು ಬಿಚ್ಚಿ ತಂದು ಮರಳಿ ನಿಲ್ಲಿಸಿ, ಹಸ್ತಶಿಲ್ಪ ಪರಂಪರೆಯ ಗ್ರಾಮವನ್ನು ಕಟ್ಟಿದರು. ಕಂಬ, ತೊಲೆ, ಮುಚ್ಚಿಗೆ ಹಾಗೆ ಬದುಕಿದವು. ಹೊಳೆಗಿಳಿಯುವ ದಾರಿಯನ್ನು, ಬಾವಿಯ ಋಣವನ್ನು ಬಿಚ್ಚಿ ಒಯ್ಯಲಾಗದು. ಅದನ್ನು ಉಳಿಸಬೇಕಾದವರು ಮಾರುವವರು ಮತ್ತು ಕೊಳ್ಳುವವರು.

ಆದುದರಿಂದ ಕ್ರಯಪತ್ರಕ್ಕೆ ಸಹಿ ಬೀಳುವ ಮುನ್ನ ಮನೆಯ ಹಿರಿಯರು ಈ ನ್ಯಾಸಗಳ ಪಟ್ಟಿ ಮಾಡಲಿ. ದಾರಿ, ಬಾವಿ, ಬನಗಳು ಪತ್ರದಲ್ಲಿ ಹೆಸರಾಗಿ ದಾಖಲಾಗಲಿ. ಆಳಿಗೆ ನೆಲೆ ದೊರೆಯಲಿ. ಬಸದಿಯ ಕಟ್ಟಳೆಗೆ ಕ್ರಯದ ಹಣದಿಂದ ಇಡುಗಂಟು ಸಲ್ಲಲಿ. ಬೆಲೆ ತುಸು ತಗ್ಗೀತು. ತಗ್ಗಿದಷ್ಟು ಹಣ ಮೊದಲಿನಿಂದಲೂ ತನ್ನದಾಗಿರಲಿಲ್ಲವೆಂದು ತಿಳಿಯುವುದೇ ಶ್ರಾವಕನ ವಿವೇಕ.