35ನೇ ಬೀದಿಯ ಹೊಟ್ಟೆಕಿಚ್ಚು

ಶಿಕಾಗೊದ ಎರಡು ಬೇಸ್‌ಬಾಲ್ ಮೈದಾನಗಳ ನಡುವಿನ ದೂರ ಸುಮಾರು 9 ಮೈಲಿ. ರೆಡ್ ಲೈನ್ ರೈಲಿನಲ್ಲಿ ಉತ್ತರಕ್ಕೆ ಹೋದರೆ ಅಡಿಸನ್ ನಿಲ್ದಾಣದಲ್ಲಿ ನೀಲಿ ಟೋಪಿಯವರೆಲ್ಲ ಇಳಿದುಬಿಡುತ್ತಾರೆ. ಅಲ್ಲಿರುವುದು ಕಬ್ಸ್ ತಂಡದ ರಿಗ್ಲಿ ಫೀಲ್ಡ್, 1914ರಲ್ಲಿ ಶುರುವಾದ ಮೈದಾನ, ಇಟ್ಟಿಗೆ ಗೋಡೆಯ ತುಂಬ ಹಸಿರು ಬಳ್ಳಿ. ಊರಿನಿಂದ ಬಂದ ಅಪ್ಪ ಅಮ್ಮನನ್ನು, ಅತ್ತೆ ಮಾವನನ್ನು ನಾವೆಲ್ಲ ಒಮ್ಮೆಯಾದರೂ ಕರೆದೊಯ್ದು ಫೋಟೊ ತೆಗೆಸುವುದು ಅಲ್ಲಿಯೇ. ಅದೇ ರೈಲು ದಕ್ಷಿಣಕ್ಕೆ ಬಂದರೆ 35ನೇ ಬೀದಿಯಲ್ಲಿ ಕಪ್ಪು ಟೋಪಿಯವರು ಇಳಿಯುತ್ತಾರೆ. ಅದು ವೈಟ್ ಸಾಕ್ಸ್ ತಂಡದ ಮನೆ. ಅಲ್ಲಿ ಬಳ್ಳಿಯೂ ಇಲ್ಲ, ಕ್ಯಾಮೆರಾ ಹಿಡಿದ ಪ್ರವಾಸಿಗರೂ ಇಲ್ಲ. ನಾನು ಇಳಿಯುವುದು ಅಲ್ಲಿ.

ಕರ್ನಾಟಕದಿಂದ ಎಂ.ಎಸ್. ಓದಲು ಬಂದ ನನ್ನಂಥ ಎಷ್ಟೋ ಹುಡುಗರಿಗೆ ಈ ಊರಿನ ಮೊದಲ ವಿಳಾಸ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಆ ಕ್ಯಾಂಪಸ್ಸಿಗೂ ಸಾಕ್ಸ್ ಮೈದಾನಕ್ಕೂ ನಡುವೆ ಡ್ಯಾನ್ ರಯಾನ್ ಹೆದ್ದಾರಿಯೊಂದೇ ಅಡ್ಡ. ತಮ್ಮವರು ಹೋಮ್ ರನ್ ಹೊಡೆದಾಗಲೆಲ್ಲ ಅಲ್ಲಿನ ಸ್ಕೋರ್‌ಬೋರ್ಡಿನ ಮೇಲಿಂದ ಪಟಾಕಿ ಸಿಡಿಯುತ್ತದೆ. ರಾತ್ರಿ ಅಸೈನ್‌ಮೆಂಟ್ ಮಾಡುತ್ತ ಕೂತವರಿಗೆ ಆ ಸದ್ದೇ ಕಾಮೆಂಟರಿ. ಆಟದ ನಿಯಮ ಅರ್ಥವಾಗುವುದಕ್ಕೆ ಮೊದಲೇ ನಾವು ಪಟಾಕಿ ಎಣಿಸುವುದನ್ನು ಕಲಿತೆವು. ಯಾವ ತಂಡ ನಮ್ಮದು ಎಂಬುದೂ ಹಾಗೆಯೇ ತೀರ್ಮಾನವಾಯಿತು. 2005ರ ಅಕ್ಟೋಬರಿನಲ್ಲಿ ನಮ್ಮ ತಂಡ ಹ್ಯೂಸ್ಟನ್ ಆಸ್ಟ್ರೋಸ್ ಮೇಲೆ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದು ವರ್ಲ್ಡ್ ಸೀರೀಸ್ ಎತ್ತಿಕೊಂಡಿತು. 1917ರ ನಂತರ ಅದೇ ಮೊದಲು. ಅಂದು ರಾತ್ರಿ 35ನೇ ಬೀದಿಯಲ್ಲಿ ಗುರುತು ಪರಿಚಯವಿಲ್ಲದ ಹಿರಿಯರೊಬ್ಬರು ನನ್ನನ್ನು ತಬ್ಬಿಕೊಂಡು ಅತ್ತರು. ಈ ದೇಶದಲ್ಲಿ ನನ್ನದೂ ಒಂದು ಊರಿದೆ ಎಂದು ಅನ್ನಿಸಿದ್ದು ಆಗ.

ಹಾಗಾಗಿ ಟ್ರೋಫಿಯ ವಿಷಯದಲ್ಲಿ ನಾವು ಕಬ್ಸ್ ಅಭಿಮಾನಿಗಳನ್ನು ನೋಡಿ ಕರುಬಬೇಕಾಗಿಲ್ಲ. ಅವರು 1908ರ ನಂತರ ಗೆದ್ದದ್ದು 2016ರಲ್ಲಿ, ನಮಗಿಂತ 11 ವರ್ಷ ತಡವಾಗಿ. ಇನ್ನೂ ಹಿಂದೆ ಹೋದರೆ, 1906ರಲ್ಲಿ ಇದೇ ಎರಡು ತಂಡಗಳು ವರ್ಲ್ಡ್ ಸೀರೀಸಿನಲ್ಲಿ ಎದುರಾದಾಗ, ಆ ವರ್ಷ 116 ಪಂದ್ಯ ಗೆದ್ದು ಬಂದಿದ್ದ ಕಬ್ಸ್ ಅನ್ನು ನಮ್ಮವರು 4-2ರಿಂದ ಸೋಲಿಸಿದ್ದರು. ಅವರ ಗೆಲುವನ್ನು ದೇಶವೆಲ್ಲ ಕೊಂಡಾಡಿತು, ನಮ್ಮದನ್ನು ಮರೆಯಿತು ಎಂಬ ಬೇಸರ ದಕ್ಷಿಣ ಶಿಕಾಗೊದಲ್ಲಿ ಇದೆ, ಅದು ನ್ಯಾಯವಾದ ಬೇಸರವೇ. ಆದರೆ ನನ್ನನ್ನು ರಾತ್ರಿ ನಿದ್ದೆಗೆಡಿಸುವುದು ಅದಲ್ಲ.

ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಜಿನೀವಾದಲ್ಲಿ. ನೇಪರ್‌ವಿಲ್, ಅರೋರಾ ಕಡೆಯ ನಮ್ಮ ಕುಟುಂಬಗಳಿಗೆಲ್ಲ ಗೊತ್ತಿರುವ ಊರು, ಶಿಕಾಗೊದಿಂದ ಪಶ್ಚಿಮಕ್ಕೆ ಸುಮಾರು 40 ಮೈಲಿ. ಅಲ್ಲಿ ಕೇನ್ ಕೌಂಟಿ ಕೂಗರ್ಸ್ ಎಂಬ ಸಣ್ಣ ತಂಡವಿದೆ. 2013 ಮತ್ತು 2014ರಲ್ಲಿ ಅದು ಕಬ್ಸ್ ತಂಡದ ಮೈನರ್ ಲೀಗ್ ಶಾಖೆಯಾಗಿತ್ತು. ಬೇಸ್‌ಬಾಲ್‌ನಲ್ಲಿ ಡ್ರಾಫ್ಟ್ ಆದ, ಅಂದರೆ ತಂಡಗಳು ಸರದಿಯಂತೆ ಆರಿಸಿಕೊಂಡ ಹುಡುಗ ನೇರವಾಗಿ ದೊಡ್ಡ ಮೈದಾನಕ್ಕೆ ಹೋಗುವುದು ತೀರ ಅಪರೂಪ. ಸಿಂಗಲ್ ಎ, ಡಬಲ್ ಎ, ಟ್ರಿಪಲ್ ಎ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಸಣ್ಣ ಊರುಗಳು, ರಾತ್ರಿಯಿಡೀ ಬಸ್ ಪ್ರಯಾಣ, ಕಡಿಮೆ ಸಂಬಳ. ಹೆಚ್ಚಿನವರು ಅರ್ಧದಲ್ಲೇ ಉಳಿದುಹೋಗುತ್ತಾರೆ.

ಬೇಸಿಗೆಯ ಸಂಜೆಗಳಲ್ಲಿ ಮಗನನ್ನು ಕರೆದುಕೊಂಡು ನಾವು ಜಿನೀವಾಕ್ಕೆ ಹೋಗುತ್ತಿದ್ದೆವು. ಟಿಕೆಟ್ ಅಗ್ಗ, ಹುಲ್ಲಿನ ಮೇಲೆ ಜಮಖಾನ ಹಾಸಿ ಕೂರಬಹುದು. ಪಂದ್ಯಕ್ಕೆ ಮುಂಚೆ ಬೇಗ ಹೋದ ಒಂದು ದಿನ ಬೇಲಿಯ ಪಕ್ಕದಲ್ಲೇ ಒಬ್ಬ ಕ್ಯಾಚರ್ ಹುಡುಗನ ಅಭ್ಯಾಸ ನೋಡಿದೆ. ಕೋಚ್ ಬೇಕೆಂದೇ ಚೆಂಡನ್ನು ಅವನ ಮುಂದಿನ ಮಣ್ಣಿಗೆ ಎಸೆಯುತ್ತಿದ್ದರು. ಹುಡುಗ ಮಂಡಿಯೂರಿ, ಗಲ್ಲ ಎದೆಗೊತ್ತಿ, ಪುಟಿದ ಚೆಂಡನ್ನು ಮೈಮೇಲೆ ತೆಗೆದುಕೊಂಡು ತನ್ನ ಮುಂದೆಯೇ ಕೆಡವಬೇಕು. ಒಂದು ಚೆಂಡು ಬಲಕ್ಕೆ ಜಾರಿದರೆ ಕೋಚ್ ಬಯ್ಯಲಿಲ್ಲ. ಹತ್ತಿರ ಬಂದು ಅವನ ಬಲ ಭುಜವನ್ನು ಎರಡು ಬೆರಳಿನಿಂದ ಸ್ವಲ್ಪ ಒಳಗೆ ತಿರುಗಿಸಿ, ಮತ್ತೆ ಎಸೆದರು. ಮತ್ತೆ, ಮತ್ತೆ. ಅಷ್ಟು ಹೊತ್ತಿಗೆ ಸ್ಟ್ಯಾಂಡಿನಲ್ಲಿ ಹತ್ತು ಜನರೂ ಇರಲಿಲ್ಲ. ನೋಡುತ್ತ ನಿಂತ ನನಗೆ ಸಂಗೀತದ ಮೇಷ್ಟ್ರ ಮನೆಯಲ್ಲಿ ಸರಳೆ ವರಸೆ ತಿದ್ದಿಸಿಕೊಂಡ ಬೆಳಗುಗಳು ನೆನಪಾದವು. ಇದನ್ನು ನಮ್ಮ ತಂಡದವರೂ ಎಲ್ಲೋ ಮಾಡುತ್ತಿರಬೇಕಲ್ಲ, ಇಷ್ಟು ತಾಳ್ಮೆಯಿಂದ ಮಾಡುತ್ತಿದ್ದಾರೆಯೇ ಎಂಬ ಪ್ರಶ್ನೆ ಅಂದೇ ಮನಸ್ಸಿನಲ್ಲಿ ಕೂತಿತು.

ಆಲ್ಬರ್ಟ್ ಅಲ್ಮೋರಾ 2013ರಲ್ಲಿ ಆ ಜಿನೀವಾ ತಂಡದಲ್ಲಿ ಆಡಿದ್ದ. 2014ರ ಬೇಸಿಗೆಯಲ್ಲಿ ಕೆಲವು ವಾರ ಕೈಲ್ ಶ್ವಾರ್ಬರ್ ಆಡಿದ. ಇಬ್ಬರನ್ನೂ ಮರೆಯದಂತೆ ಮಾಡಿದ್ದು 2016ರ ನವೆಂಬರ್ 2ರ ರಾತ್ರಿ. ಕ್ಲೀವ್‌ಲ್ಯಾಂಡಿನಲ್ಲಿ ವರ್ಲ್ಡ್ ಸೀರೀಸಿನ ಏಳನೇ ಪಂದ್ಯ, 9 ಇನ್ನಿಂಗ್ಸ್ ಮುಗಿದಾಗ 6-6, ಮಳೆಯಿಂದ 17 ನಿಮಿಷ ಆಟ ನಿಂತಿತ್ತು. ಹತ್ತನೇ ಇನ್ನಿಂಗ್ಸಿನಲ್ಲಿ ಮೊದಲು ಬಂದವನು ಶ್ವಾರ್ಬರ್. ಏಪ್ರಿಲಿನಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡು ಸೀಸನ್ ಪೂರ್ತಿ ಹೊರಗಿದ್ದವನು, ವರ್ಲ್ಡ್ ಸೀರೀಸಿಗೆಂದೇ ಮರಳಿ ಬಂದಿದ್ದ. ಸಿಂಗಲ್ ಹೊಡೆದ. ಅವನ ಬದಲಿಗೆ ಓಡಲು ಬಂದವನು ಅಲ್ಮೋರಾ. ಮುಂದಿನ ಆಟಗಾರ ಬ್ರಯಂಟ್ ಚೆಂಡನ್ನು ದೂರಕ್ಕೆ ಎತ್ತಿದ. ಅದು ಬೇಲಿ ದಾಟುತ್ತದೋ ಏನೋ ಎಂದು ಎಲ್ಲರೂ ಮೇಲೆ ನೋಡುತ್ತಿದ್ದರೆ ಅಲ್ಮೋರಾ ಮೊದಲ ಬೇಸಿನಲ್ಲೇ ಕಾದು ನಿಂತಿದ್ದ. ಕ್ಯಾಚ್ ಆದ ಕ್ಷಣ ಎರಡನೇ ಬೇಸಿಗೆ ಓಡಿದ. ಬ್ಯಾಟಿನಿಂದ ಬಂದದ್ದಲ್ಲ, ಮರುದಿನದ ಅಂಕಿಪಟ್ಟಿಯಲ್ಲಿ ಎದ್ದು ಕಾಣುವ ಸಾಹಸವೂ ಅಲ್ಲ. ಆದರೆ ಅವನು ಎರಡನೇ ಬೇಸಿನಲ್ಲಿದ್ದುದರಿಂದಲೇ ಎದುರಾಳಿಗಳು ಮುಂದಿನ ಆಟಗಾರ ರಿಜ್ಜೊಗೆ ಹೊಡೆಯಲು ಬಿಡದೆ ಬೇಕೆಂದೇ ಮೊದಲ ಬೇಸಿಗೆ ನಡೆಸಿದರು, ಅನಂತರ ಜೋಬ್ರಿಸ್ಟ್ ಡಬಲ್ ಹೊಡೆದಾಗ ಅಲ್ಮೋರಾ ಮನೆ ಸೇರಿದ. ಕಬ್ಸ್ 8-7ರಿಂದ ಗೆದ್ದಿತು. ಕ್ಯಾಚ್ ಆಗುವವರೆಗೆ ಕಾಲು ಕೀಳಬೇಡ ಎಂದು ಆ ಹುಡುಗನಿಗೆ ಯಾರೋ, ಯಾವುದೋ ಸಣ್ಣ ಊರಿನಲ್ಲಿ, ನೂರು ಸಲ ಹೇಳಿರಬೇಕು.

ನೀಲಿ ಟೋಪಿ ಹಾಕಿಕೊಂಡು ಸೋಫಾ ಮೇಲೆ ಕುಣಿಯುತ್ತಿದ್ದ ಮಗ ತಿರುಗಿ ನೋಡಿದ. “ಅಪ್ಪಾ, ನಿಂಗೆ ಸ್ವಲ್ಪಾನೂ ಖುಷಿ ಆಗ್ಲಿಲ್ವಾ? ಇಬ್ರೂ ಜಿನೀವಾದವ್ರೇ!” ಆಗಲಿಲ್ಲ. ಅವನಿಗೆ ಹಾಗೇ ಹೇಳಿದೆ. ನಮ್ಮವರು ಯಾಕೆ ಹೀಗೆ ಬೆಳೆಸಲಿಲ್ಲ ಎಂದು ಸಂಕಟವಾಗುತ್ತಿದೆ ಮಗಾ ಎಂದೆ.

ಕಬ್ಸ್‌ಗೆ ದುಡ್ಡಿದೆ, ಪ್ರವಾಸಿಗರಿದ್ದಾರೆ ಎನ್ನುವುದು ನಮ್ಮ ಕಡೆಯವರ ಮಾಮೂಲು ಸಮಾಧಾನ. ಆ ಸಮಾಧಾನ ನನಗೆ ರುಚಿಸುವುದಿಲ್ಲ. 2014ರ ಡ್ರಾಫ್ಟಿನಲ್ಲಿ ಶ್ವಾರ್ಬರನನ್ನು ಕಬ್ಸ್ ಆರಿಸಿದ್ದು 4ನೇ ಸರದಿಯಲ್ಲಿ. 3ನೇ ಸರದಿ ನಮ್ಮದೇ ಇತ್ತು. ನಾವು ಆರಿಸಿದ ಕಾರ್ಲೋಸ್ ರೊಡಾನ್ ಕಳಪೆ ಪಿಚರ್ ಏನಲ್ಲ, 2021ರಲ್ಲಿ ಒಂದು ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಸಿಗದ ಪಂದ್ಯ) ಎಸೆದ. ಆ ಸೀಸನ್ ಮುಗಿದ ಮೇಲೆ ತಂಡ ಅವನನ್ನು ಸುಮ್ಮನೆ ಹೋಗಲು ಬಿಟ್ಟಿತು. ಥಿಯೊ ಎಪ್‌ಸ್ಟೈನ್ ಕಬ್ಸ್ ಆಡಳಿತ ವಹಿಸಿಕೊಂಡದ್ದು 2011ರ ಕೊನೆಯಲ್ಲಿ. ಮರುವರ್ಷ ಅವರ ತಂಡ 101 ಪಂದ್ಯ ಸೋತಿತು. ಸೋಲುತ್ತಲೇ ಹುಡುಗರನ್ನು ಕೂಡಿಸಿದರು, ಹುಡುಗರಿಗೆ ಕಲಿಸುವವರನ್ನೂ ಕೂಡಿಸಿದರು. 2015ರಲ್ಲಿ 97 ಗೆಲುವು, 2016ರಲ್ಲಿ 103.

ನಮ್ಮವರು ಅದನ್ನೇ ನೋಡಿ ಕಲಿಯಲು ಹೊರಟರು. 2016ರ ಡಿಸೆಂಬರಿನಲ್ಲಿ ಕ್ರಿಸ್ ಸೇಲ್‌ನಂಥ ಪಿಚರನ್ನು ಬಾಸ್ಟನ್ನಿಗೆ ಕೊಟ್ಟು ಹುಡುಗರನ್ನು ತಂದರು. 2017ರ ಜುಲೈಯಲ್ಲಿ ಕಬ್ಸ್ ಜೊತೆಗೇ ವ್ಯಾಪಾರ ಮಾಡಿ, ಹೊಸೆ ಕಿಂಟಾನನನ್ನು ಕೊಟ್ಟು ಎಲೋಯ್ ಹಿಮೆನೆಸ್, ಡಿಲನ್ ಸೀಸ್ ಮೊದಲಾದವರನ್ನು ಪಡೆದರು. 2019ರ ಜೂನಿನಲ್ಲಿ ರಿಗ್ಲಿಯಲ್ಲೇ, ಒಂಬತ್ತನೇ ಇನ್ನಿಂಗ್ಸಿನಲ್ಲಿ, ಬ್ಯಾಟ್ ಮುರಿದರೂ ಚೆಂಡನ್ನು ಬೇಲಿಯಾಚೆ ಕಳಿಸಿ ಹಿಮೆನೆಸ್ ನಮಗೆ 3-1ರ ಗೆಲುವು ತಂದುಕೊಟ್ಟ. ಕಬ್ಸ್ ಬೆಳೆಸಿದ ಹುಡುಗ ಕಬ್ಸ್ ಅಂಗಳದಲ್ಲೇ ನಮಗಾಗಿ ಹೊಡೆದ ಆ ಹೊಡೆತಕ್ಕೆ ನಾನು ಕೂಗಿದ ಕೂಗು ಬೀದಿಗೆಲ್ಲ ಕೇಳಿಸಿತ್ತು. 2021ರಲ್ಲಿ 93 ಗೆಲುವು, ಡಿವಿಷನ್ ಪ್ರಶಸ್ತಿ. ಇನ್ನೇನು ನಮ್ಮ ಕಾಲ ಬಂತು ಎಂದುಕೊಂಡೆವು.

ಬರಲಿಲ್ಲ. 2023ರಲ್ಲಿ 101 ಸೋಲು. 2024ರಲ್ಲಿ 121. ಆಧುನಿಕ ಬೇಸ್‌ಬಾಲ್‌ನಲ್ಲಿ ಒಂದೇ ಸೀಸನ್ನಿನಲ್ಲಿ ಅಷ್ಟು ಸೋತ ತಂಡ ಇನ್ನೊಂದಿಲ್ಲ. ಸೆಪ್ಟೆಂಬರ್ 24ರಂದು, 121ನೆಯ ಸೋಲು ಎದುರಿಗೇ ಇದ್ದ ರಾತ್ರಿ, ನಾನು ಮೈದಾನದಲ್ಲಿದ್ದೆ. ತಂಡವನ್ನು ಮಾರಿಬಿಡಿ ಎಂದು ಜನ ಒಟ್ಟಾಗಿ ಕೂಗುತ್ತಿದ್ದರು. ಎಂಟನೇ ಇನ್ನಿಂಗ್ಸಿನಲ್ಲಿ ನಮ್ಮವರು ಮೂರು ರನ್ ಗಳಿಸಿ ಏಂಜಲ್ಸ್ ಮೇಲೆ 3-2ರಿಂದ ಗೆದ್ದರು. ಆ ದಾಖಲೆಯ ಸೋಲು ಮೂರು ದಿನದ ನಂತರ ಡೆಟ್ರಾಯ್ಟಿನಲ್ಲಿ ಬಂತು. ಅದೇ ವರ್ಷ ಸೇಲ್ ಅಟ್ಲಾಂಟಾ ಪರ ಆಡಿ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ. ಸೀಸ್ ಸ್ಯಾನ್ ಡಿಯಾಗೊ ಪರ ನೋ-ಹಿಟರ್ ಎಸೆದ. ಟಿವಿಯಲ್ಲಿ ಅವರನ್ನು ಕಂಡಾಗಲೆಲ್ಲ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಎಲ್ಲಿ ತಪ್ಪಿತು? ನನಗೆ ಕಾಣುವುದು ಇಷ್ಟು. ಕಬ್ಸ್‌ನಿಂದ ನಮ್ಮವರು ಸೋಲುವುದನ್ನೂ ಹುಡುಗರನ್ನು ಕೂಡಿಸುವುದನ್ನೂ ಕಲಿತರು. ಬೇಲಿಯ ಪಕ್ಕ ನಿಂತು ಭುಜ ತಿದ್ದುವ ಕೆಲಸಕ್ಕೆ ಬೇಕಾದ ಜನ, ಹಣ, ವರ್ಷಗಳನ್ನು ಅಷ್ಟೇ ಮನಸ್ಸಿಟ್ಟು ಕೊಡಲಿಲ್ಲ. ನೋವು ಹಳೆಯದು. 2008ರಲ್ಲಿ ನಮ್ಮ ಆಟಗಾರರ ವಿಭಾಗದ ಹಿರಿಯ ಅಧಿಕಾರಿಯೊಬ್ಬರನ್ನೇ ತೆಗೆದುಹಾಕಬೇಕಾಯಿತು. ಲ್ಯಾಟಿನ್ ಅಮೆರಿಕದ ಬಡ ಹುಡುಗರಿಗೆ ಕೊಡುವ ಬೋನಸ್ಸಿನಲ್ಲಿ ಅವರು ಪಾಲು ಹೊಡೆಯುತ್ತಿದ್ದರು, ಮುಂದೆ ತಪ್ಪೊಪ್ಪಿಕೊಂಡರು. ಹದಿನಾರರ ಹುಡುಗನೊಬ್ಬ ಮನೆಯವರ ಆಸೆಯನ್ನೆಲ್ಲ ಹೊತ್ತು ಸಹಿ ಹಾಕುತ್ತಾನೆ. ಅವನ ದುಡ್ಡಿನಲ್ಲೇ ಕೈಯಿಡುವ ಮನೆಯಲ್ಲಿ ಅವನು ಏನು ಬೆಳೆದಾನು? ಇಂದಿಗೂ ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ. ಇನ್ನೊಂದು ವಿಚಿತ್ರವೆಂದರೆ, ಅರಿಝೋನಾದ ಗ್ಲೆಂಡೇಲಿನಲ್ಲಿ 2009ರಿಂದ ನಮ್ಮವರು ವಸಂತದ ತರಬೇತಿ ಶಿಬಿರವನ್ನು ಹಂಚಿಕೊಂಡಿರುವುದು ಲಾಸ್ ಏಂಜಲಿಸ್ ಡಾಜರ್ಸ್ ಜೊತೆ. ಆಟಗಾರರನ್ನು ಬೆಳೆಸುವುದರಲ್ಲಿ ಇಡೀ ಲೀಗಿಗೆ ಮಾದರಿಯಾದ ತಂಡವೇ ಪಕ್ಕದಲ್ಲಿದೆ.

ಹೊಟ್ಟೆಕಿಚ್ಚನ್ನು ನಾನು ಕೆಟ್ಟದ್ದೆಂದು ತಳ್ಳಿಹಾಕಲಾರೆ. ಅಪ್ಪ ಬಾಂಬೆ ರಣಜಿ ತಂಡದ ಬಗ್ಗೆ ಮಾತಾಡುತ್ತಿದ್ದ ರೀತಿ ಕೇಳಿ ಬೆಳೆದವನು ನಾನು. 1958-59ರಿಂದ 1972-73ರವರೆಗೆ ಒಂದೇ ಸಮನೆ 15 ಸಲ ಬಾಂಬೆಯದೇ ಟ್ರೋಫಿ. “ಅವ್ರ ಹತ್ರ ಶಾಲೆಯಿಂದ್ಲೇ ಹುಡುಗ್ರು ತಯಾರಾಗ್ತಿದ್ರು ಕಣೋ, ಹ್ಯಾರಿಸ್ ಶೀಲ್ಡು, ಕಾಂಗಾ ಲೀಗು” ಎನ್ನುವಾಗ ಅವರ ದನಿಯಲ್ಲಿ ಕಿಚ್ಚೂ ಇರುತ್ತಿತ್ತು, ಗೌರವವೂ ಇರುತ್ತಿತ್ತು. 1974ರ ಸೆಮಿಫೈನಲ್ಲಿನಲ್ಲಿ ಬೆಂಗಳೂರಿನಲ್ಲಿ ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದ್ದನ್ನು ಅವರು ವರ್ಣಿಸುತ್ತಿದ್ದುದು ಆಮೇಲೆ. ಮೊದಲು ಬರುತ್ತಿದ್ದುದು ಆ ಶಾಲೆಗಳ ಮಾತು.

ಜಿನೀವಾಕ್ಕೆ ಈಗ ಹೋದರೆ ಆಟವಿದೆ, ಹುಲ್ಲಿದೆ, ಮಕ್ಕಳ ಗಲಾಟೆಯಿದೆ. ಆದರೆ 2021ರಲ್ಲಿ ಮೈನರ್ ಲೀಗನ್ನು 120 ತಂಡಗಳಿಗೆ ಇಳಿಸಿದಾಗ ಕೂಗರ್ಸ್ ಹೊರಗುಳಿಯಿತು. ಈಗ ಅದು ಸ್ವತಂತ್ರ ಲೀಗಿನಲ್ಲಿ ಆಡುತ್ತದೆ. ಮುಂದೆ ದೊಡ್ಡ ಮೈದಾನಕ್ಕೆ ಹೋಗಲಿರುವ ಹುಡುಗನನ್ನು ಬೇಲಿಯ ಪಕ್ಕ ನಿಂತು ನೋಡುವ ಭಾಗ್ಯ ಈ ಕಡೆಯ ಮಕ್ಕಳಿಗೆ ತಪ್ಪಿತು. ನೋಡಬೇಕೆಂದರೆ ಇಂಡಿಯಾನಾದ ಸೌತ್ ಬೆಂಡಿನಂಥ ದೂರದ ಊರಿಗೆ ಹೋಗಬೇಕು. ಅಲ್ಲಿರುವುದೂ ಕಬ್ಸ್ ಶಾಖೆಯೇ.

2025ರಲ್ಲಿ ಕಬ್ಸ್ 92 ಪಂದ್ಯ ಗೆದ್ದಿತು, ನಾವು 102 ಸೋತೆವು. ಆದರೂ ಆ ವರ್ಷ ನನಗೆ ಬೇಕಾದದ್ದು ಒಂದು ನಡೆಯಿತು. ಕೋಲ್ಸನ್ ಮಾಂಟ್ಗೊಮರಿ ಎಂಬ ನಮ್ಮ ಶಾರ್ಟ್‌ಸ್ಟಾಪ್ ಹುಡುಗ ಏಪ್ರಿಲಿನಲ್ಲಿ ಟ್ರಿಪಲ್ ಎ ತಂಡದಲ್ಲಿ ಚೆಂಡೇ ಸಿಗದೆ ಒದ್ದಾಡುತ್ತಿದ್ದ. ತಂಡದವರು ಅವನನ್ನು ಮಾರಲಿಲ್ಲ, ಬೆಂಚಿನಲ್ಲಿ ಕೂರಿಸಲಿಲ್ಲ. ಆಟ ಬಿಡಿಸಿ ಅರಿಝೋನಾಕ್ಕೆ ಕಳಿಸಿ, ಬ್ಯಾಟಿಂಗ್ ಕೋಚ್ ಜೊತೆ ಕೂರಿಸಿ ಅವನ ಸ್ವಿಂಗನ್ನು ತಿದ್ದಿಸಿದರು. ಜುಲೈ 4ರಂದು ಅವನು ದೊಡ್ಡ ತಂಡಕ್ಕೆ ಬಂದ. ಉಳಿದ ಸೀಸನ್ನಿನಲ್ಲಿ 71 ಪಂದ್ಯಗಳಲ್ಲಿ 21 ಹೋಮ್ ರನ್. 35ನೇ ಬೀದಿಯಲ್ಲಿ ಪಟಾಕಿ ಸಿಡಿದಾಗಲೆಲ್ಲ ಆ ಅರಿಝೋನಾದ ವಾರಗಳು ನನ್ನ ಕಣ್ಣ ಮುಂದೆ ಬರುತ್ತಿದ್ದವು.

ಮಗ ಈಗ ಕಾಲೇಜಿಗೆ ಹೋಗುತ್ತಾನೆ, ಟೋಪಿ ಇನ್ನೂ ನೀಲಿಯೇ. ಮಾಂಟ್ಗೊಮರಿಯ ಹೊಡೆತಗಳನ್ನು ಫೋನಿನಲ್ಲಿ ಮತ್ತೆ ಮತ್ತೆ ನೋಡಿ, 2021ರ ಡ್ರಾಫ್ಟ್ ಪಟ್ಟಿ ಹುಡುಕಿ ತೆಗೆದ. ನಾವು ಅವನನ್ನು ಆರಿಸಿದ್ದು 22ನೇ ಸರದಿಯಲ್ಲಿ. “21 ನಮ್ದೇ ಇತ್ತಲ್ಲಪ್ಪಾ, ಇವನನ್ನ ಯಾಕೆ ಬಿಟ್ರು?” ಎಂದು ನನ್ನನ್ನೇ ಕೇಳಿದ. ಅವನ ಪಕ್ಕದಲ್ಲಿ ಕೂತು ಆ ಪಟ್ಟಿಯನ್ನು ಮೊದಲಿನಿಂದ ಓದತೊಡಗಿದೆ.